ತೈಲವರ್ಣಕ್ಕೆ ಹೇರ್ ಡ್ರೈಯರ್ ಬೇಡ: ಒಂದು ಸ್ಪಷ್ಟನೆ
"ಎಣ್ಣೆ ಆವಿಯಾದರೆ ತೈಲವರ್ಣ ಒಣಗಿದಂತೆ, ಹೇರ್ ಡ್ರೈಯರ್ ಹಿಡಿದರೆ ವಾರದಲ್ಲೇ ವಾರ್ನಿಶ್ ಬಳಿಯಬಹುದು" ಎಂಬ ಸಲಹೆ ಚಿತ್ರಕಲೆ ಕಲಿಯುವವರ ನಡುವೆ ಹರಿದಾಡುತ್ತಿದೆ. ಇದು ತಪ್ಪು.

ಆವಿಯಾಗುವುದು ತೆಳುವಾಗಿಸಲು ಬೆರೆಸಿದ ಟರ್ಪೆಂಟೈನ್. ಬಣ್ಣದ ಪುಡಿಯನ್ನು ಹಿಡಿದಿಡುವ ಅಗಸೆ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಹಾಗಾಗಿ ಒಣಗುವ ಎಣ್ಣೆಯ ತೂಕ ಮೊದಮೊದಲು ಹೆಚ್ಚುತ್ತದೆ, ನಂಬಿದರೆ ನಂಬಿ! ದಪ್ಪ ಬಣ್ಣಕ್ಕೆ ಬಿಸಿಗಾಳಿ ಊದಿದರೆ ಮೇಲೆ ಸಿಪ್ಪೆ ಕಟ್ಟಿ, ಒಳಗೆ ಹಸಿ ಉಳಿದು, ಕೊನೆಗೆ ಸುಕ್ಕುಗಟ್ಟೀತು.

ಅವಸರವಿದ್ದರೆ ಬಣ್ಣದ ಆಯ್ಕೆಯಲ್ಲೇ ದಾರಿಯಿದೆ. ಅಂಬರ್ ಎಂಬ ಕಂದು ಮಣ್ಣಿನ ಬಣ್ಣದಲ್ಲಿರುವ ಮ್ಯಾಂಗನೀಸ್ ಒಣಗುವಿಕೆಯನ್ನು ಚುರುಕುಗೊಳಿಸುತ್ತದೆ. ತಳಪದರಕ್ಕೆ ಅದನ್ನೇ ತೆಳುವಾಗಿ ಬಳಿಯಿರಿ. ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ಒಣಗುವುದರಲ್ಲಿ ಮಹಾ ಸೋಮಾರಿ, ತಳಕ್ಕೆ ಬೇಡ. ಮೇಲಿನ ಪದರಗಳಲ್ಲಿ ಎಣ್ಣೆಯ ಪ್ರಮಾಣ ಹೆಚ್ಚುತ್ತಾ ಹೋಗಲಿ, ಇಲ್ಲದಿದ್ದರೆ ಬಿರುಕು ಬಿಡುವ ಅಪಾಯವಿದೆ.

ಅಂತಿಮ ವಾರ್ನಿಶ್‌ಗೆ 6ರಿಂದ 12 ತಿಂಗಳು ಕಾಯುವುದು ರೂಢಿ. ಪ್ರದರ್ಶನ ಹತ್ತಿರವಿದ್ದರೆ, ಮುಟ್ಟಿದಾಗ ಅಂಟದಷ್ಟು ಒಣಗಿದ ಚಿತ್ರಕ್ಕೆ ತೆಳುವಾದ ರಿಟಚ್ ವಾರ್ನಿಶ್ (ತಾತ್ಕಾಲಿಕ ವಾರ್ನಿಶ್) ಸಾಕು.

ಇನ್ನೊಂದು ಮಾತು: ಆಮ್ಲಜನಕದ ಈ ಕ್ರಿಯೆ ಶಾಖವನ್ನೂ ಹುಟ್ಟಿಸುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ತಾವಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.