ತೊನ್ನು ಅಂಟುವುದಿಲ್ಲ, ಎಷ್ಟು ಸಲ ಹೇಳಬೇಕು?

ಮದುವೆ ಊಟದಿಂದ ಅರ್ಧಕ್ಕೇ ಎದ್ದು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಪಂಕ್ತಿಯಲ್ಲಿ ಕೋಸಂಬರಿ ಬಡಿಸುತ್ತಿದ್ದ ಹೆಂಗಸಿನ ಬೆರಳುಗಳ ಮೇಲೆ ಬಿಳಿ ಮಚ್ಚೆಗಳಿದ್ದವು. ಎದುರು ಸಾಲಿನ ಹಿರಿಯರೊಬ್ಬರು ಎಲೆಗೆ ಕೈ ಅಡ್ಡ ಹಿಡಿದು, "ಇವಳನ್ನ ಯಾಕೆ ಬಡಿಸೋಕೆ ಬಿಟ್ರಿ?" ಅಂದರು. ಅಡುಗೆ ಕಾಂಟ್ರಾಕ್ಟರ್ ಓಡಿ ಬಂದು ಆಕೆಯನ್ನು ಒಳಗೆ ಕಳಿಸಿದ. ಸುತ್ತ ಕೂತವರೆಲ್ಲ ಓದಿದವರೇ. ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನು ಮಾತಾಡಿದೆ. ಜೋರಾಗಿಯೇ ಮಾತಾಡಿದೆ.

ತೊನ್ನು ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಅವರು ಬಡಿಸಿದ್ದನ್ನು ಉಂಡರೂ ಇಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಇಲ್ಲ. ಅಂಟುವುದಕ್ಕೆ ಅಲ್ಲಿ ಯಾವ ರೋಗಾಣುವೂ ಇಲ್ಲ.

ನಾನು ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡುವವಳು ಅಂತ ನಿಮಗೆ ಗೊತ್ತೇ ಇದೆ. ಪಾಠದ ಥರ ಅನ್ನಿಸಿದರೂ ಪೂರ್ತಿ ಓದಿ. ಚರ್ಮದ ಮೇಲ್ಪದರದಲ್ಲಿ ಇರುವುದು ಹೆಚ್ಚಾಗಿ ಕೆರಟಿನೊಸೈಟ್ ಕೋಶಗಳು. ತಳದಲ್ಲಿ ಹುಟ್ಟಿ, ಮೇಲಕ್ಕೆ ಸರಿಯುತ್ತಾ ಗಟ್ಟಿಯಾಗಿ, ಸತ್ತು, ತಿಂಗಳೊಪ್ಪತ್ತಿನಲ್ಲಿ ಉದುರಿ ಹೋಗುತ್ತವೆ. ತಳದ ಸಾಲಿನಲ್ಲಿ ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಮೆಲನೊಸೈಟ್ ಇರುತ್ತದೆ. ಬಣ್ಣ ತಯಾರಿಸುವ ಕೋಶ ಅದು. ಉದ್ದನೆಯ ಕೈಗಳನ್ನು ಚಾಚಿ ಸುತ್ತಲಿನ ಸುಮಾರು 36 ಕೋಶಗಳಿಗೆ ಮೆಲನಿನ್ ಬಡಿಸುತ್ತದೆ. ಕಪ್ಪಗಿದ್ದವರಲ್ಲೂ ಬೆಳ್ಳಗಿದ್ದವರಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಮಾಡುವ ಮೆಲನಿನ್ ಎಷ್ಟು, ಎಂಥದ್ದು ಅನ್ನುವುದರಲ್ಲಷ್ಟೇ ವ್ಯತ್ಯಾಸ.

ತೊನ್ನಿನಲ್ಲಿ ಆಗುವುದಿಷ್ಟು. ನಮ್ಮನ್ನು ಕಾಯಬೇಕಾದ ಟಿ ಕೋಶಗಳು ದಾರಿ ತಪ್ಪಿ ಈ ಮೆಲನೊಸೈಟ್‌ಗಳನ್ನೇ ಕೊಲ್ಲುತ್ತವೆ. ಬಣ್ಣ ಸಿಗದೆ ಅಷ್ಟು ಜಾಗ ಬಿಳಿಯಾಗುತ್ತದೆ. ಬಿಸಿಲಿಗೆ ಬೇಗ ಸುಡುತ್ತದೆ, ನಿಜ. ಆದರೆ ಕೆರಟಿನೊಸೈಟ್‌ಗಳು ತಮ್ಮ ಪಾಡಿಗೆ ಹುಟ್ಟುತ್ತಲೇ ಇರುತ್ತವೆ. ಮುಟ್ಟಿದರೆ ಮೊದಲಿನಂತೆಯೇ ತಿಳಿಯುತ್ತದೆ. ಇಂಥ ಚರ್ಮವನ್ನು ನೋಡಿ ಎಲೆಗೆ ಕೈ ಅಡ್ಡ ಹಿಡಿಯುತ್ತಾರಲ್ಲ!

"ಹಿಂದಿನವರು ಕುಷ್ಠ ಅಂತ ಹೆದರುತ್ತಿದ್ದರು, ಪಾಪ, ಬಿಡಿ" ಅಂದರು ಪಕ್ಕದಲ್ಲಿದ್ದವರು. ಯಾಕೆ ಬಿಡಬೇಕು? ಕುಷ್ಠಕ್ಕೆ ಬ್ಯಾಕ್ಟೀರಿಯಾ ಕಾರಣ, ಆ ಮಚ್ಚೆಯಲ್ಲಿ ಸ್ಪರ್ಶ ಕಡಿಮೆಯಾಗುತ್ತದೆ. ತೊನ್ನಿನ ಮಚ್ಚೆಗೆ ಸೊಳ್ಳೆ ಕಚ್ಚಿದರೂ ಗೊತ್ತಾಗುತ್ತದೆ. ಅಷ್ಟಕ್ಕೂ ಕುಷ್ಠಕ್ಕೇ ಔಷಧಿ ಇದೆ, ವಾಸಿಯಾಗುತ್ತದೆ. ಅದು ವಿಚ್ಛೇದನಕ್ಕೆ ಕಾರಣವಾಗಬಾರದು ಅಂತ 2019ರಲ್ಲಿ ಕಾನೂನನ್ನೇ ತಿದ್ದಿದರು. ಇನ್ನು ಹಾಲು-ಮೀನು ಒಟ್ಟಿಗೆ ತಿಂದಿದ್ದಕ್ಕೆ ಬಂತು, ನಾಗದೋಷಕ್ಕೆ ಬಂತು ಅನ್ನುವ ಮಾತುಗಳು. ಎರಡೂ ಸುಳ್ಳು.

ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ನನ್ನ ಅಕ್ಕನಿಗೆ ಕಾಲೇಜಿಗೆ ಹೋಗುವಾಗ ತೊನ್ನು ಕಾಣಿಸಿಕೊಂಡಿತು. ಬಂದ ಸಂಬಂಧಗಳೆಲ್ಲ ಮುರಿದವು. ಅಮ್ಮ ಅವಳಿಗೆ ಸುಡುಬೇಸಿಗೆಯಲ್ಲೂ ತುಂಬುತೋಳಿನ ರವಿಕೆ ತೊಡಿಸುತ್ತಿದ್ದರು. ನಾನು ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕಂಬಳಿ ಹೊದ್ದು ಬೆಳೆದವಳು. ನನಗೆ ಏನೂ ಬರಲಿಲ್ಲ. ವಂಶದ ಪಾಲು ಸ್ವಲ್ಪ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ತೊನ್ನು ಇರುವ ಹೆಚ್ಚಿನವರ ಮನೆಯಲ್ಲಿ ಬೇರೆ ಯಾರಿಗೂ ಅದು ಇರುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಸುಮ್ನೆ ಆ ಲೇಪ ಈ ಲೇಪ ಅಂತ ದಿನ ಕಳೆಯಬೇಡಿ. ಬೇಗ ಚರ್ಮದ ಡಾಕ್ಟರಿಗೆ ತೋರಿಸಿ. ಟ್ಯಾಕ್ರೊಲಿಮಸ್ ಮುಲಾಮು ಇದೆ, ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆ ಇದೆ. 2022ರಲ್ಲಿ ಅಮೆರಿಕದಲ್ಲಿ ರುಕ್ಸೊಲಿಟಿನಿಬ್ ಕ್ರೀಮಿಗೂ ಒಪ್ಪಿಗೆ ಸಿಕ್ಕಿತು. ಕೂದಲಿನ ಬುಡದಲ್ಲಿ ಮೆಲನೊಸೈಟ್‌ನ ಮೂಲಕೋಶಗಳು ಉಳಿದಿರುತ್ತವೆ. ಬಣ್ಣ ಮರಳುವಾಗ ಅಲ್ಲಿಂದಲೇ ಚುಕ್ಕಿ ಚುಕ್ಕಿಯಾಗಿ ಹರಡುತ್ತದೆ. ಅದಕ್ಕೇ ಮುಖದ ಮಚ್ಚೆಗಳಲ್ಲಿ ಬಣ್ಣ ಬೇಗ ಬರುತ್ತದೆ. ಕೂದಲಿಲ್ಲದ ಬೆರಳ ತುದಿ, ತುಟಿಗಳಲ್ಲಿ ಕಷ್ಟ.

ಇಷ್ಟು ಓದಿದ ಮೇಲೂ ಯಾರಾದರೂ ಕೆಳಗೆ ನಾಗದೋಷ ಅಂತ ಕಾಮೆಂಟ್ ಹಾಕಿದರೆ ಅಳಿಸುತ್ತೇನೆ. ನೆಂಟರಾದರೂ ಸರಿ.