ದುಡ್ಡು ಬಂದರೆ ಸಂಪ್ರದಾಯ ಹೋಗುತ್ತಾ?

ಭೂತಾನ್ ಸಂಪ್ರದಾಯ ಉಳಿಸಿಕೊಂಡಿತು, ಮಾಲ್ಡೀವ್ಸ್ ಅದನ್ನು ದುಡ್ಡಿಗೆ ಮಾರಿಕೊಂಡಿತು ಎಂದು ಈ ಎರಡು ದೇಶಗಳನ್ನು ಹೋಲಿಸಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅಷ್ಟು ಸಲೀಸಾಗಿ ಹೇಳಿಬಿಡಬಹುದಾ? ಮಾಲ್ಡೀವ್ಸ್‌ನ ತಲಾ ಆದಾಯ ಭೂತಾನ್‌ಗಿಂತ ಎಷ್ಟೋ ಜಾಸ್ತಿ, ನಿಜ. 1972ರಲ್ಲಿ ಮೊದಲ ರೆಸಾರ್ಟ್ ಶುರುವಾದ ಮೇಲೆ ಅಲ್ಲಿನ ಕಥೆಯೇ ಬದಲಾಯಿತು. ಆದರೂ ಬೆಳಗಿನ ತಿಂಡಿಗೆ ಇವತ್ತಿಗೂ ಮಾಸ್ ಹುನಿಯೇ ಬೇಕು. ಟ್ಯೂನಾ ಮೀನು, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ ಸೇರಿಸಿ ಕೈಯಲ್ಲೇ ಕಿವುಚಿ, ನಿಂಬೆಹಣ್ಣು ಹಿಂಡಿ, ರೋಶಿ ಎಂಬ ರೊಟ್ಟಿ ಜೊತೆ ತಿನ್ನುತ್ತಾರೆ. (ನಮ್ಮ ಕರಾವಳಿಯವರಿಗೆ ಓದಿದರೇ ಬಾಯಲ್ಲಿ ನೀರೂರುತ್ತದೆ!) ಅತ್ತ ಭೂತಾನ್‌ನಲ್ಲಿ ಸರ್ಕಾರಿ ಕಚೇರಿಗೆ ಗಂಡಸರು ಘೋ, ಹೆಂಗಸರು ಕಿರಾ ಎಂಬ ಸಾಂಪ್ರದಾಯಿಕ ಉಡುಪು ತೊಟ್ಟೇ ಹೋಗಬೇಕು. ಅದು ಬರೀ ಅಭಿಮಾನ ಅಲ್ಲ, ಸರ್ಕಾರದ ನಿಯಮ. ಶಾಲೆ, ಆಸ್ಪತ್ರೆ ಉಚಿತ, ಒಪ್ಪೋಣ. ಹಾಗಿದ್ದೂ ಓದಿದ ಹುಡುಗ ಹುಡುಗಿಯರು ಸಾಲುಸಾಲಾಗಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರಲ್ಲ, ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.