ತಂತ್ರಜ್ಞಾನ ಬರುವ ಮೊದಲೇ ಪ್ರಶ್ನೆ ಕೇಳುವವರು

ಹೊಸ ತಂತ್ರಜ್ಞಾನ ಮತ್ತು ಪರಿಸರ ನೀತಿ ಬಗ್ಗೆ ಸಂಶೋಧನೆ ಮಾಡುವವರಿಗೆ ಜನ ಸಾಮಾನ್ಯವಾಗಿ ಹೇಳುವ ಮಾತೊಂದಿದೆ. "ಅದಿನ್ನೂ ಬಂದೇ ಇಲ್ಲ, ಈಗಲೇ ನಿಯಮ ಗಿಯಮ ಅಂತ ಯಾಕೆ ತಲೆ ಕೆಡಿಸಿಕೊಳ್ತೀರಿ?" ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಂದ ಮೇಲೆ ತಲೆ ಕೆಡಿಸಿಕೊಂಡರೆ ಏನಾಗುತ್ತದೆ ಅಂತ ಜಗತ್ತು ಆಗಲೇ ನೋಡಿದೆ ಅಲ್ವಾ.

ಸಿಎಫ್‌ಸಿ ಅನಿಲವನ್ನೇ ತಗೊಳ್ಳಿ. 1928ರಲ್ಲಿ ಥಾಮಸ್ ಮಿಡ್ಜ್ಲಿ ಮತ್ತು ಅವರ ಜೊತೆಗಾರರು ಅದನ್ನು ಫ್ರಿಜ್‌ಗಾಗಿ ತಯಾರಿಸಿದರು. ಆಗ ಅದು ನಿಜಕ್ಕೂ ಒಳ್ಳೆಯ ಸುದ್ದಿ. ಅಲ್ಲಿಯವರೆಗೆ ಫ್ರಿಜ್‌ನಲ್ಲಿದ್ದ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ನಂಥ ಅನಿಲಗಳು ಸೋರಿದರೆ ಜೀವಕ್ಕೇ ಅಪಾಯ. ಇದು ವಿಷವಲ್ಲ, ಬೆಂಕಿಯೂ ಹತ್ತುವುದಿಲ್ಲ. ಯಾರ ಮನಸ್ಸಿನಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ. ಅದು ಓಝೋನ್ ಪದರವನ್ನು ತಿನ್ನುತ್ತದೆ ಅಂತ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದ್ದು 1974ರಲ್ಲಿ, ಅಂಟಾರ್ಕ್ಟಿಕಾದ ಮೇಲೆ ಪದರ ತೆಳುವಾಗಿದ್ದು ಬಯಲಾದದ್ದು 1985ರಲ್ಲಿ, ಅದರ ಬಳಕೆ ತಗ್ಗಿಸುವ ಮಾಂಟ್ರಿಯಲ್ ಒಪ್ಪಂದ ಆದದ್ದು 1987ರಲ್ಲಿ. ಹೆಚ್ಚುಕಡಿಮೆ 60 ವರ್ಷ! ಅಲ್ಲಿಗೂ ಮುಗಿಯಲಿಲ್ಲ. ಅದರ ಜಾಗಕ್ಕೆ ತಂದ ಎಚ್‌ಎಫ್‌ಸಿ ಅನಿಲಗಳು ಓಝೋನ್‌ಗೆ ತೊಂದರೆ ಕೊಡಲಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅವುಗಳಲ್ಲಿ ಕೆಲವು ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಅದನ್ನು ಇಳಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಮತ್ತೆ ಕೂರಬೇಕಾಯಿತು. ಮಾಂಟ್ರಿಯಲ್ ಗೆದ್ದ ಒಪ್ಪಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಡವಾಗಿ ಗೆದ್ದದ್ದು.

ತಂತ್ರಜ್ಞಾನ ನೀತಿಯ ವಿದ್ವಾಂಸ ಡೇವಿಡ್ ಕಾಲಿಂಗ್ರಿಜ್ 1980ರಲ್ಲೇ ಈ ಇಕ್ಕಟ್ಟನ್ನು ಬಿಡಿಸಿ ಹೇಳಿದ್ದರು. ಶುರುವಿನಲ್ಲಿ ತಂತ್ರಜ್ಞಾನವನ್ನು ತಿದ್ದುವುದು ಸುಲಭ, ಆದರೆ ಅದರ ಕೆಡುಕು ಗೊತ್ತಿರುವುದಿಲ್ಲ. ಕೆಡುಕು ಗೊತ್ತಾಗುವ ಹೊತ್ತಿಗೆ ಅದು ಬೇರು ಬಿಟ್ಟಿರುತ್ತದೆ. ನಾನು ಮೊದಲು ಹೇಳಿದ ನೀತಿ ಸಂಶೋಧಕರು ಕೆಲಸ ಮಾಡುವುದು ಈ ಎರಡರ ನಡುವಿನ ಸಣ್ಣ ಜಾಗದಲ್ಲಿ.

ಈಗ ಆ ಜಾಗದಲ್ಲಿ ನಿಂತಿರುವುದು ಸೂರ್ಯನ ಬಿಸಿಲನ್ನೇ ಒಂದಿಷ್ಟು ತಡೆಯುವ ಯೋಚನೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಸಲ್ಫರ್ ಮೇಲಕ್ಕೆ ಹೋದಾಗ ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಗಿತ್ತು. ಅದನ್ನೇ ವಿಮಾನದಿಂದ ಮಾಡೋಣ, ಬಿಸಿಲನ್ನು ವಾಪಸ್ ಕಳಿಸುವ ಕಣಗಳನ್ನು ಮೇಲೆ ಸಿಂಪಡಿಸೋಣ ಅನ್ನುತ್ತಾರೆ ಕೆಲವರು. ತಂಪಾಗುತ್ತದಾ ಅಂದರೆ, ಆಗುತ್ತದೆ. ಕಷ್ಟದ ಪ್ರಶ್ನೆಗಳು ಬೇರೆ. ಉತ್ತರಾರ್ಧ ಗೋಳದಲ್ಲಿ ಮಾತ್ರ ಸಿಂಪಡಿಸಿದರೆ ಆಫ್ರಿಕಾದ ಸಾಹೆಲ್‌ನಲ್ಲಿ ಮಳೆ ಕಡಿಮೆಯಾಗಬಹುದು ಅಂತ ಹವಾಮಾನ ಮಾದರಿಗಳು ಹೇಳುತ್ತವೆ. ಆ ರೈತರನ್ನು ಕೇಳುವವರು ಯಾರು? ಆ ಕಣಗಳು ಒಂದೆರಡು ವರ್ಷದಲ್ಲಿ ಕೆಳಗೆ ಬೀಳುತ್ತವೆ, ಇಂಗಾಲ ಮಾತ್ರ ಶತಮಾನಗಟ್ಟಲೆ ಮೇಲೆಯೇ ಇರುತ್ತದೆ. ಹಾಗಾಗಿ ಯುದ್ಧವೋ ದಿವಾಳಿಯೋ ಬಂದು ನಡುವೆ ನಿಲ್ಲಿಸಿದರೆ, ತಡೆದಿಟ್ಟ ಬಿಸಿಯೆಲ್ಲ ಕೆಲವೇ ವರ್ಷಗಳಲ್ಲಿ ಒಟ್ಟಿಗೆ ಬಂದು ಬೀಳುತ್ತದೆ.

ನನ್ನನ್ನು ನಿಜವಾಗಿ ಕಾಡುವ ವಿಷಯ ಇನ್ನೊಂದಿದೆ. ಇದೇ ಬಿಸಿಲು ತಡೆಯುವ ಸಂಶೋಧನೆಗಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಸ್ವೀಡನ್ನಿನ ಕಿರುನಾದಿಂದ ಒಂದು ಬಲೂನ್ ಹಾರಿಸಬೇಕೆಂದಿದ್ದರು. ಕಣ ಸಿಂಪಡಿಸಲು ಅಲ್ಲ, ಸುಮ್ನೆ ಉಪಕರಣ ಪರೀಕ್ಷೆಗೆ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಮಂಡಳಿ, ನಮ್ಮನ್ನು ಕೇಳದೆ ಹೇಗೆ ಅಂತ ವಿರೋಧಿಸಿತು. ಕೇಳಿದ್ದು ಸರಿಯಾಗಿಯೇ ಇತ್ತು. ಹಾರಾಟ ನಿಂತಿತು, 2024ರಲ್ಲಿ ಇಡೀ ಯೋಜನೆಯನ್ನೇ ಕೈಬಿಟ್ಟರು. ಆದರೆ 2022ರಲ್ಲಿ ಅಮೆರಿಕದ ಒಂದು ಪುಟ್ಟ ಕಂಪನಿಯ ಬಲೂನ್‌ಗಳು ಮೆಕ್ಸಿಕೊದಲ್ಲಿ ಸಲ್ಫರ್ ಡೈಆಕ್ಸೈಡ್ ತುಂಬಿಕೊಂಡು ಮೇಲೆ ಹೋದವು. ಅಲ್ಲಿನ ಸರ್ಕಾರದ ಒಪ್ಪಿಗೆ ಇರಲಿಲ್ಲ, ಜನರಿಗೆ ಸುಳಿವೂ ಇರಲಿಲ್ಲ. ಅದರ ಜೊತೆಗೆ, ದುಡ್ಡು ಕೊಟ್ಟರೆ ನಿಮ್ಮ ಹೆಸರಲ್ಲಿ ಇಷ್ಟು ತಂಪು ಮಾಡುತ್ತೇವೆ ಅನ್ನುವ 'ತಂಪಿನ ಕ್ರೆಡಿಟ್' ಮಾರಾಟ ಬೇರೆ. ಇಂಥ ಪ್ರಯೋಗಗಳನ್ನು ನಿಷೇಧಿಸುತ್ತೇವೆ ಅಂತ ಮೆಕ್ಸಿಕೊ ಹೇಳಿದ್ದು 2023ರ ಜನವರಿಯಲ್ಲಿ, ಎಲ್ಲ ಆದ ಮೇಲೆ. ಮೊದಲೇ ಹೇಳಿ, ಸಮಿತಿ ಮಾಡಿಕೊಂಡು, ಬಹಿರಂಗವಾಗಿ ಬಂದವರು ನಿಂತರು, ಯಾರನ್ನೂ ಕೇಳದವರು ಹಾರಿಸಿದರು. ನಿಯಮ ಇಲ್ಲದ ಕಡೆ ಆಗುವುದೇ ಇದು.

ಜೀನ್ ಡ್ರೈವ್ ಸೊಳ್ಳೆಗಳ ವಿಷಯದಲ್ಲೂ (ಅಂದರೆ, ತಿದ್ದಿದ ಗುಣ ಮುಂದಿನ ಪೀಳಿಗೆಗಳಿಗೆಲ್ಲ ತಾನೇ ಹಬ್ಬುವಂತೆ ಮಾಡಿದ ಸೊಳ್ಳೆಗಳು), ಆಳಸಮುದ್ರದ ಗಣಿಗಾರಿಕೆಯಲ್ಲೂ ಇದೇ ತಲೆನೋವು. ಸೊಳ್ಳೆ ದೇಶದ ಗಡಿ ನೋಡಿ ಹಾರುವುದಿಲ್ಲ.

2024ರಲ್ಲಿ ನೈರೋಬಿಯ ವಿಶ್ವಸಂಸ್ಥೆ ಪರಿಸರ ಸಭೆಯಲ್ಲಿ, ಬಿಸಿಲು ತಡೆಯುವ ಈ ತಂತ್ರವನ್ನು ಪರಿಶೀಲಿಸಲು ಒಂದು ತಜ್ಞರ ಗುಂಪು ಮಾಡೋಣ ಅಂತ ಸ್ವಿಟ್ಜರ್ಲೆಂಡ್ ಪ್ರಸ್ತಾಪ ಇಟ್ಟಿತು. ದೇಶಗಳ ನಡುವೆ ಒಮ್ಮತ ಬರದೆ ಅದನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಇಷ್ಟು ಸಣ್ಣ ಕೆಲಸವೂ ಆಗಲಿಲ್ಲ ಅನ್ನುವುದು ನನಗೆ ತುಂಬ ಬೇಸರದ ವಿಷಯ.

ಬಿಸಿಲು ತಡೆಯುವುದಕ್ಕೆ ನಾನು ವಿರೋಧಿ. ಇಂಗಾಲ ಕಡಿಮೆ ಮಾಡುವ ಕೆಲಸವನ್ನು ಮುಂದೂಡಲು ಅದೊಂದು ನೆಪ ಆಗುತ್ತದೆ ಅನ್ನುವ ಭಯ ನನಗಿದೆ. ಹಾಗಂತ ಅದರ ಅಧ್ಯಯನವೇ ಬೇಡ ಅಂದರೆ ನಾನು ಒಪ್ಪುವುದಿಲ್ಲ. ಹೊರಗೆ ಮಾಡುವ ಪ್ರತಿ ಪ್ರಯೋಗವೂ ಮೊದಲೇ ಎಲ್ಲರಿಗೂ ಕಾಣುವ ಒಂದು ಪಟ್ಟಿಯಲ್ಲಿರಲಿ. ದುಡ್ಡು ಯಾರದ್ದು ಅಂತ ಅದರಲ್ಲೇ ಬರೆದಿರಲಿ. ಮಳೆ ಏರುಪೇರಾಗಬಹುದಾದ ದೇಶಗಳಿಗೆ ಬೇಡ ಅನ್ನುವ ಹಕ್ಕಿರಲಿ. ಇದನ್ನೆಲ್ಲ ಬರೆದು ತಯಾರು ಮಾಡುವ ಸಂಶೋಧಕರಿಗೆ, ಬಲೂನ್ ಮಾಡುವವರಿಗೆ ಸಿಗುವಷ್ಟೇ ದುಡ್ಡು ಸಿಗಬೇಕು, ಅದೂ ಈಗಲೇ.